ಪಡುವಣಕ್ಕೆ ತಿರುಗಿದ ಮಸೀದಿ

ಬಾಬಾ,

ಮೊದಲಿಗೇ ಒಂದು ಮಾತು ಬರೆದುಬಿಡುತ್ತೇನೆ. ನೀವು ಮನೆಗೆ ಬರಬಹುದು. ಸಿಟ್ಟಾಗುವವರೆಲ್ಲ ಸಿಟ್ಟಾದರು, ಬೈಯುವವರೆಲ್ಲ ಬೈದರು, ಈಗ ಊರು ತಣ್ಣಗಾಗಿದೆ. ಇದನ್ನು ಕೊನೆಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಹೆದರಿಕೆಯಾದರೆ ನೀವು ಪತ್ರವನ್ನು ಅರ್ಧಕ್ಕೇ ಮಡಚಿ ಸೊಂಟಕ್ಕೆ ಸಿಕ್ಕಿಸುವ ಜಾತಿ. ನಿಮ್ಮ ಮಗಳಿಗೆ ಇದು ಗೊತ್ತಿಲ್ಲವೇ?

ದೋಣಿಯ ಒಡೆಯ ನಾಖುದಾ ಫಾಕಿ ಉಪ್ಪುನೀರಿನ ಕಾಂಡ್ಲಾ ಮರದ ಕಂಬ ತುಂಬಿಕೊಳ್ಳಲು ಬಂದಾಗ ನಿಮ್ಮ ಮಾತು ತಂದ. ಅಮ್ಮನಿಗೆ ಮಾತ್ರ ಗುಟ್ಟಾಗಿ ಹೇಳು ಅಂದಿದ್ದಿರಂತೆ. ಅವನ ಬಾಯಲ್ಲಿ ಗುಟ್ಟು ನಿಂತೀತೇ ಬಾಬಾ? ದೋಣಿಯಿಂದ ಇಳಿದವನು ಮೊಣಕಾಲುದ್ದ ನೀರಲ್ಲೇ ನಿಂತು, ಚಿಪ್ಪು ಹೆಕ್ಕುತ್ತಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಕೂಗಿದ: "ಏ, ನಿಮ್ಮ ಖಂಭಾತದ ಬಡಗಿ ಇನ್ನು ಈ ಕಡೆ ಬರಲ್ಲವಂತೆ! ಕೆಲಸಕ್ಕೆ ಹೋದ ಕಿಲ್ವಾ ಪಟ್ಟಣದ ದೊಡ್ಡ ಮಸೀದೀಲಿ ನಮಾಜಿಗೆ ನಿಂತನಂತೆ. ಎಲ್ಲರ ಮುಖ ಬಡಗಣಕ್ಕೆ, ಇವನೊಬ್ಬಂದು ಪಡುವಣಕ್ಕೆ! ಬಗ್ಗೋಕೆ ಹೋಗಿ ಪಕ್ಕದವನ ಪಕ್ಕೆಗೆ ಹಣೆ ಹೊಡ್ಕೊಂಡನಂತೆ!"

ಹೆಂಗಸರು ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮಗೆ ನಮಾಜು ಕಲಿಸಿದವರು ನೀವೇ, ಮಸೀದಿಯ ಗೋಡೆಗೆ ಸುಣ್ಣ ಮೆತ್ತಿದವರೂ ನೀವೇ. ಹಾಗಾದರೆ ಊರಿಗೆ ಊರೇ ಇಷ್ಟು ವರ್ಷ ಮಕ್ಕಾಕ್ಕೆ ಪಕ್ಕೆ ತೋರಿಸಿಕೊಂಡು ನಿಂತಿತ್ತು ಅಂತಾಯಿತು.

ನಿಮ್ಮನ್ನು ಯಾವ ಬಾಯಲ್ಲಿ ದೂರಲಿ? ಕಡಲಾಚೆಯ ಖಂಭಾತದಲ್ಲಿ ಹುಟ್ಟಿದವರಿಗೆ ಮಕ್ಕಾ ಅಂದರೆ ಹೊತ್ತು ಮುಳುಗುವ ಕಡೆ. ನಿಮ್ಮ ಹಡಗು ನಮ್ಮ ಬಂಡೆಗೆ ಬಡಿದು ಒಡೆದ ದಿನ, ಒದ್ದೆ ಬಟ್ಟೆಯಲ್ಲೇ ದಡ ಹತ್ತಿ, ಮುಳುಗುವ ಸೂರ್ಯನ ಕಡೆ ತಿರುಗಿ ಹಣೆ ಊರಿದಿರಂತೆ. ಅದನ್ನು ಕಂಡೇ ಅಲ್ಲವೇ ಅಜ್ಜ ನಿಮ್ಮನ್ನು ಮನೆಗೆ ಕರೆದದ್ದು? "ಎಲ್ಲ ಕಳಕೊಂಡೂ ತಲೆ ಬಾಗಿಸ್ತಾನಲ್ಲ, ಇವನ ದೇವರು ಯಾರು ನೋಡೇಬಿಡೋಣ" ಅಂದಿದ್ದರಂತೆ. ಇಷ್ಟು ತೆಂಕಣಕ್ಕೆ ಇಳಿದ ಮೇಲೆ ಮಕ್ಕಾ ಬಡಗಣಕ್ಕೆ ಸರಿದಿದೆ ಅಂತ ನಿಮಗೇ ಹೊಳೆಯಲಿಲ್ಲ, ಇನ್ನು ಮೀನು ಹಿಡಿಯುವ ನಮಗೆ ಹೇಗೆ ಹೊಳೆದೀತು? ಕಂಬ ಒಯ್ಯಲು ಬರುವವರು ತಮ್ಮ ದೋಣಿಯಲ್ಲೇ ನಮಾಜು ಮುಗಿಸುತ್ತಿದ್ದರು. ಲಂಗರು ಬಿಟ್ಟ ದೋಣಿ ಗಾಳಿ ಬಂದತ್ತ ತಿರುಗುತ್ತದೆ, ಅವರು ಯಾವ ದಿಕ್ಕಿಗೆ ನಿಂತರೆಂದು ದಡದಲ್ಲಿ ಯಾರಿಗೆ ಗೊತ್ತು?

ಫಾಕಿಗೆ ಮಾತ್ರ ಗೊತ್ತಿತ್ತು! ಅಜ್ಜಿ ಅವನ ಜುಟ್ಟು ಹಿಡಿಯುವುದೊಂದು ಬಾಕಿ. "ಅಲ್ಲವೋ, ನೀನು ನಮ್ಮ ಮಸೀದಿ ಎಷ್ಟು ಸಲ ನೋಡಿದೀಯ, ಒಂದು ಮಾತು ಹೇಳಬಾರದಿತ್ತಾ?" ಅಂದರು. ಅವನು ತಲೆ ಕೆರೆದುಕೊಂಡ. "ನೋಡಿದ್ದೆ ಅಜ್ಜಿ. ಆದರೆ ಖಂಭಾತದವರು, ತಿಳಿದವರು, ಏನೋ ಕಾರಣ ಇದ್ದೀತು ಅಂತ ಬಾಯಿ ಮುಚ್ಕೊಂಡಿದ್ದೆ." "ಬೇಡದ ಕಡೆ ಬಾಯಿ ತೆಗೀತೀಯ, ಬೇಕಾದ ಕಡೆ ಮುಚ್ತೀಯ! ಈಗ ಹೋಗು, ಕಿಲ್ವಾದಿಂದ ಓದಿದವರೊಬ್ಬರನ್ನ ಕರ್ಕೊಂಡು ಬಾ. ಅವರು ಬರೋವರೆಗೂ ನಿನಗೆ ಒಂದು ಕಂಬವೂ ಇಲ್ಲ" ಅಂತ ಖಾಲಿ ದೋಣಿಯಲ್ಲೇ ಅಟ್ಟಿದರು.

ಅವನು ಹಿಂದಿರುಗುವವರೆಗಿನ ದಿನಗಳು ಮಾತ್ರ ಯಾರಿಗೂ ಬೇಡ. ಕೊಂಬೋ ಮಾವ ಊರಿನ ಹಿರಿಯ, ಅಮ್ಮನ ಒಡಹುಟ್ಟಿದವನು, ನಿಮ್ಮ ಮಾತಿಗೆ ಎಲ್ಲರಿಗಿಂತ ಕೊನೆಯಲ್ಲಿ ಒಪ್ಪಿದವನು. ಅವನು ಕೆಂಡಾಮಂಡಲವಾದ. "ತನ್ನ ದೇವರ ಮನೆ ಎಲ್ಲಿದೆ ಅಂತ ಗೊತ್ತಿಲ್ಲದವನ ಮಾತು ಕಟ್ಕೊಂಡು ನಮ್ಮ ಹಿರಿಯರು ಕೈ ಮುಗೀತಿದ್ದ ಮರಾನ ಬಿಟ್ವಲ್ಲ" ಅಂದ. ಮಾರನೆಯ ಬೆಳಿಗ್ಗೆ ಆ ಹಳೆಯ ದೊಡ್ಡಹುಣಸೆ ಮರಕ್ಕೆ ಯಾರೋ ಹರಕೆಯ ಕೆಂಪು ಬಟ್ಟೆ ಕಟ್ಟಿದ್ದರು. ಮಸೀದಿಯಲ್ಲಿ ನಾಲ್ಕೈದು ಮುದುಕರು ಬಿಟ್ಟರೆ ಜನವಿಲ್ಲ. ಆಮೇಲೆ ಮಾವ ಹೇಳಿದ ಮಾತು ನೀವು ಹೆದರಿದ್ದ ಮಾತೇ: "ನಮ್ಮಪ್ಪನ್ನೂ ತಪ್ಪು ದಿಕ್ಕಿಗೆ ಮುಖ ಮಾಡಿ ಮಲಗಿಸಿ ಮಣ್ಣು ಹಾಕಿದನಲ್ಲ!" ಅಷ್ಟು ಹೇಳಿ ಅವನು ಮಕ್ಕಳ ಹಾಗೆ ಅತ್ತ.

ಆಗ ನನಗೂ ಸಿಟ್ಟು ಬಂತು ಬಾಬಾ. ದಿಕ್ಕು ತಪ್ಪಿದ್ದಕ್ಕಲ್ಲ, ನೀವು ಬರುವುದಿಲ್ಲ ಅಂದದ್ದಕ್ಕೆ. ನಾಚಿಕೆ ಅಷ್ಟು ದೊಡ್ಡದೇ? ನಮಗಿಂತ ದೊಡ್ಡದೇ? ಕಿಲ್ವಾದಲ್ಲಿ ಕೂತು ಯಾರದ್ದೋ ಹಡಗಿನ ಹಲಗೆಗಳನ್ನು ಕತ್ತದ ಹಗ್ಗದಲ್ಲಿ ಹೊಲಿಯುತ್ತಿರುವಾಗ, ಅಮ್ಮ ಇಲ್ಲಿ ಗಂಜಿ ಬಡಿಸಿ ತಾನು ಉಣ್ಣದೆ ಏಳುವುದು ನಿಮಗೆ ಕಾಣುತ್ತಿರಲಿಲ್ಲವೇ? ಹೀಗೆಲ್ಲ ನಿಮ್ಮೊಡನೆ ಮನಸ್ಸಲ್ಲೇ ಜಗಳವಾಡಿದೆ. ಈಗ ಎಲ್ಲ ಮುಗಿಯಿತು, ಬಿಡಿ.

ಫಾಕಿ ಕರೆತಂದ ಗುರುಗಳ ಹೆಸರು ಉಬೈದ್. ಸಣಕಲು ಮನುಷ್ಯ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದರು. ಅಜ್ಜಿ ಎಳನೀರು ಕುಡಿಸಿ ಎಬ್ಬಿಸಿದ ಮೇಲೆ ಮಸೀದಿಗೆ ಹೋದರು. ಒಂದು ಸುತ್ತು ನೋಡಿದರು. ಊರೆಲ್ಲ ಅಂಗಳದಲ್ಲಿ ನಿಂತಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಗುರುಗಳು ಹೊರಗೆ ಬಂದು, "ಗೋಡೆ ಚೆನ್ನಾಗಿ ಕಟ್ಟಿದಾರೆ. ದಿಕ್ಕು ಮಾತ್ರ ತಪ್ಪಿದೆ" ಅಂದರು.

ಕೊಂಬೋ ಮಾವ ಮುಂದೆ ಬಂದ. "ಹಾಗಾದ್ರೆ ಇಷ್ಟು ವರ್ಷ ನಾವು ಕೇಳಿದ್ದೆಲ್ಲ ಕಾಡುಪಾಲಾಯ್ತಾ?"

"ನೀನು ಏನು ಕೇಳ್ತಿದ್ದೆಯಪ್ಪ?"

"ಕಡಲಿಗೆ ಹೋದ ನನ್ನ ಮಗ ವಾಪಸ್ ಬರಲಿ ಅಂತ."

"ಬಂದನಾ?"

"ಬಂದ. ಬಂದು ಕೂತು ತಿಂದು ನನ್ನ ಮನೆ ಬರಿದು ಮಾಡ್ತಿದಾನೆ."

"ಮತ್ತೆ? ಕೇಳಿದ್ದು ಮುಟ್ಟಿದೆಯಲ್ಲ!" ಅಂದರು ಗುರುಗಳು.

ಮೊದಲು ನಕ್ಕದ್ದು ಮಾವನ ಹೆಂಡತಿ. ಆಮೇಲೆ ಅಂಗಳವೇ ನಕ್ಕಿತು, ಮಾವನೂ ಮೂಗು ಒರೆಸಿಕೊಂಡು ನಕ್ಕ. ಗುರುಗಳು ಸಮಾಧಾನವಾಗಿ ಹೇಳಿದರು: ತಿಳಿಯದೆ ತಿರುಗಿದ ಮುಖಕ್ಕೆ ದೇವರು ಬೆನ್ನು ತಿರುಗಿಸುವುದಿಲ್ಲ. ಮೊದಲ ಕಾಲದ ಹಿರಿಯರೇ ಒಮ್ಮೆ ನಮಾಜಿನ ನಡುವೆ ದಿಕ್ಕು ಬದಲಿಸಿ ನಿಂತವರು. ತಿಳಿದ ಮೇಲೆ ತಿರುಗಿಕೊಂಡರಾಯಿತು.

ಬಡಗಣದ ಗೋಡೆ ಒಡೆದು ನಮಾಜಿನ ದಿಕ್ಕು ತೋರಿಸುವ ಗೂಡು ಕೂರಿಸಿದ್ದು ಯಾರು ಗೊತ್ತೇ? ಕೊಂಬೋ ಮಾವ. ನಿಮ್ಮದೇ ಉಳಿ ಸುತ್ತಿಗೆ ತೆಗೆದುಕೊಂಡು ಹೋದ, ಉಳಿಯ ಬಾಯಿ ಮುರಿದಿದ್ದಾನೆ, ಬಂದು ಬೈಯಿರಿ. ಎಲ್ಲರೂ ಬಡಗಣಕ್ಕೆ ನಿಂತ ಮೊದಲ ಸಂಜೆ ಅವನೇ ಅಭ್ಯಾಸಬಲದಿಂದ ಪಡುವಣಕ್ಕೆ ತಿರುಗಿ ಮಗನ ಮೊಣಕೈಗೆ ಮೂಗು ಗುದ್ದಿಸಿಕೊಂಡ. ಮರಕ್ಕೆ ಕಟ್ಟಿದ್ದ ಬಟ್ಟೆ ಯಾರು ಬಿಚ್ಚಿದರೋ ತಿಳಿಯದು, ಯಾರೂ ಕೇಳಲಿಲ್ಲ.

ಇನ್ನು ಅಜ್ಜನ ಗೋರಿ. ಅದನ್ನು ಅಗೆದು ಸರಿಪಡಿಸಬೇಕೇ ಅಂತ ಮಾವ ಕೇಳಿದಾಗ ಗುರುಗಳು ಬಾಯಿ ತೆಗೆಯುವ ಮೊದಲೇ ಅಜ್ಜಿ ಎದ್ದರು. "ಯಾರಾದ್ರೂ ಅದರ ಮೇಲೆ ಗುದ್ದಲಿ ಇಟ್ಟೀರಿ, ಜೋಕೆ! ಬದುಕಿದ್ದಾಗ ಆ ಮನುಷ್ಯ ಹೇಳಿದ ಕಡೆ ಯಾವತ್ತು ತಿರುಗಿದ್ದ? ಪಡುವಣಕ್ಕೆ, ನೀರಿನಾಚೆ ದಡದಲ್ಲಿ ಅವನು ಹುಟ್ಟಿದ ಊರಿದೆ. ನೋಡ್ಕೊಂಡು ಮಲಗಲಿ." ಗುರುಗಳು ನಗು ತಡೆದುಕೊಂಡು, ಮಲಗಿದವರನ್ನು ಎಬ್ಬಿಸುವುದು ಬೇಡ, ಅವರ ಮನಸ್ಸು ಯಾವ ಕಡೆ ಇತ್ತೆಂದು ಕೇಳಬೇಕಾದವನಿಗೆ ಗೊತ್ತು ಅಂದರು. ಅಂದು ನಾನು ಗೋರಿಯ ಹತ್ತಿರ ಹೋಗಿ ನಿಮ್ಮ ಪರವಾಗಿ ಅತ್ತುಬಂದೆ. ಅತ್ತ ಮೇಲೆ ಎದೆ ಹಗುರಾಯಿತು ಬಾಬಾ, ನಿಮಗೂ ಆಗುತ್ತದೆ.

ಹೊರಡುವಾಗ ಗುರುಗಳು, ನಮಾಜು ನಡೆಸಲು ತಮ್ಮ ಶಿಷ್ಯನೊಬ್ಬನನ್ನು ಕಳಿಸಲೇ ಅಂತ ಕೇಳಿದರು. ಕೊಂಬೋ ಮಾವ, "ಬೇಡ ಸ್ವಾಮಿ, ನಮಗೊಬ್ಬ ಇದಾನೆ, ಸ್ವಲ್ಪ ನಾಚ್ಕೊಂಡು ದೂರ ಕೂತಿದಾನೆ ಅಷ್ಟೆ" ಅಂದ. ಇವತ್ತು ನಾನು ಬರೆಯಲು ಕೂತಾಗ ಅಮ್ಮ ಚಾಪೆ ಹೆಣೆಯುತ್ತಲೇ ಅಂದಳು: "ದಿಕ್ಕು ತಪ್ಪಿದ್ದು ಗೋಡೆಗೆ. ಅವರಿಗ್ಯಾಕೆ ಮನೆ ದಾರಿ ತಪ್ಪಬೇಕು, ಕೇಳು." ಕೇಳಿದ್ದೇನೆ.

ಅಜ್ಜಿ ಪಕ್ಕದಲ್ಲೇ ಕೂತು, ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಅಂತ ಹಟ ಹಿಡಿದಿದ್ದಾರೆ. ಬರೆಯುತ್ತಿದ್ದೇನೆ: "ಅಳಿಯಾ, ನನ್ನ ಗೋರೀನ ನೀನೇ ತೋಡಬೇಕು, ಬೇರೆಯವರ ಕೈ ಬೇಡ. ಒಂದು ಸಲ ದಿಕ್ಕು ತಪ್ಪಿದವನು ಎರಡನೇ ಸಲ ನೂರು ಸಲ ನೋಡ್ಕೊಂಡು ತೋಡ್ತಾನೆ. ನೀನು ಬರೋವರೆಗೂ ನಾನು ಸಾಯಲ್ಲ. ಹಾಗಂತ ಬಂದ ಕೂಡಲೇ ಗುದ್ದಲಿ ಹುಡುಕಬೇಡ, ಮೊದಲು ಉಣ್ಣು."

ಗಾಳಿ ನಿಮ್ಮ ಹಾಯಿ ತುಂಬಲಿ, ಬಂಡೆಗಳು ನಿಮ್ಮ ದೋಣಿಗೆ ದಾರಿ ಬಿಡಲಿ, ದೇವರು ನಿಮ್ಮನ್ನು ನಮ್ಮ ದಡಕ್ಕೆ ಕ್ಷೇಮವಾಗಿ ಮುಟ್ಟಿಸಲಿ.

ನಿಮ್ಮ ಜೊತೆಗಿನ ಜಗಳವೆಲ್ಲ ಮುಗಿಸಿಕೊಂಡ ಮಗಳು,
ಬಿಶಾರಾ