ನೀವು ಕಲಿಸಿದ ಎರಡನೇ ಸುತ್ತು ಎಲ್ಲಿದೆ?

ಪರೀಕ್ಷಾ ನಿಯಂತ್ರಕರೇ,

‘ಮಾನ್ಯ’ ಎಂಬ ಪದವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಮುಂದೆ ಹೋಗುತ್ತಿದ್ದೇನೆ. ಕಷ್ಟವೆನಿಸಿದ್ದಕ್ಕೆ ಗುರುತು ಹಾಕಿ ಮುಂದೆ ಸಾಗಿ, ಎರಡನೇ ಸುತ್ತಿನಲ್ಲಿ ಅದಕ್ಕೆ ಮರಳಿ ಬನ್ನಿ ಎಂದು ಕಲಿಸಿದ್ದು ತಮ್ಮ ಕಚೇರಿಯೇ. ಪತ್ರದ ಕೊನೆಗೆ ಬರುವಷ್ಟರಲ್ಲಿ ಸಾಧ್ಯವಾದರೆ ಆ ಪದಕ್ಕೂ ಮರಳುತ್ತೇನೆ.

ನನ್ನ ದೂರು ದೊಡ್ಡದೇನಲ್ಲ. ಬಿಸಿನೆಸ್ ಸ್ಕೂಲ್‌ಗಳ ಪ್ರವೇಶ ಪರೀಕ್ಷೆಗೆಂದು ತಮ್ಮ ಕಚೇರಿಯೇ ಬರೆಸಿ, ಮುದ್ರೆ ಒತ್ತಿ ಮಾರಿದ ಅಭ್ಯಾಸ ಪುಸ್ತಕ ಒಂದು ಬಗೆಯ ಪರೀಕ್ಷೆಗೆ ತಯಾರು ಮಾಡಿತು. ತಾವು ಇನ್ನೊಂದು ಬಗೆಯ ಪರೀಕ್ಷೆ ನಡೆಸಿದಿರಿ. ಆ ಪುಸ್ತಕವನ್ನು ಮುಟ್ಟದವರಿಗೆ ಏನೂ ಆಗಲಿಲ್ಲ. ಅರ್ಧಂಬರ್ಧ ಓದಿದವರೂ ಹೇಗೋ ಪಾರಾದರು. ಅಕ್ಷರ ಬಿಡದೆ ಓದಿ, ಅದು ಹೇಳಿದಂತೆಯೇ ನಡೆದುಕೊಂಡವರು ಮಾತ್ರ ಸೋತರು. ಅವರಲ್ಲಿ ನನ್ನ ತಂಗಿ ಒಬ್ಬಳು.

ಅವಳು ಕೆಲಸ ಮಾಡುವುದು ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಹಾಸುಬಟ್ಟೆಗಳನ್ನು ಬಿಡಿಸಿ, ನೋಡಿ, ಯಂತ್ರಕ್ಕೆ ಕಳಿಸುವ ಮೇಜಿನ ಉಸ್ತುವಾರಿ ಅವಳದು. ಆ ಮೇಜಿನ ಪಕ್ಕ ಒಂದು ಬೆತ್ತದ ಬುಟ್ಟಿ ಇರುತ್ತದೆ. ಸುಲಭಕ್ಕೆ ಬಿಡದ ಕಲೆಯಿರುವ ಬಟ್ಟೆ ಕಂಡರೆ ಅದರ ಮುಂದೆ ನಿಂತು ತಲೆ ಕೆಡಿಸಿಕೊಳ್ಳುವುದಿಲ್ಲ; ಬುಟ್ಟಿಗೆ ಹಾಕಿ ಮುಂದಿನದಕ್ಕೆ ಕೈ ಹಾಕುತ್ತಾಳೆ. ರಾಶಿ ಮುಗಿದ ಮೇಲೆ ಬುಟ್ಟಿ ಎಳೆದುಕೊಂಡು ಒಂದೊಂದನ್ನೇ ಸಮಾಧಾನವಾಗಿ ನೋಡುತ್ತಾಳೆ. ಆ ಮೇಜಿಗೆ ಬಂದವರು ಕಲಿಯುವ ಮೊದಲ ಪಾಠವೇ ಇದು. ಇಷ್ಟನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ಲಾಂಡ್ರಿಯ ಮಾಲೀಕರು ಊರಿನ ಆಚೆ ಬದಿಗೆ ಎರಡನೇ ಘಟಕ ತೆರೆಯುತ್ತಿದ್ದಾರೆ. ಅದಕ್ಕೊಬ್ಬ ಮ್ಯಾನೇಜರ್ ಬೇಕು. “ನೀನಿಲ್ದೆ ನನ್ನ ಅಂಗಡಿ ಒಂದು ದಿನ ನಡೆಯಲ್ಲಮ್ಮ, ಅದು ನಂಗೂ ಗೊತ್ತು. ಆದ್ರೆ ಬ್ಯಾಂಕಿನೋರು ಬಂದು ಕೂತಾಗ ‘ಇವರು ಏನು ಓದಿದಾರೆ’ ಅಂತ ಕೇಳ್ತಾರಲ್ಲ, ಆಗೇನು ಹೇಳ್ಲಿ? ಕಲೆ ತೆಗೀತಾರೆ ಅಂತ ಹೇಳ್ಲಾ?” ಎಂದು ಅವರು ತಂಗಿಗೆ ಹೇಳಿದರು. ಅವರು ಕೊಟ್ಟ ಮಾತು ಇಷ್ಟು: ಈ ವರ್ಷ ವಾರಾಂತ್ಯದ ಎಂಬಿಎಗೆ ಸೀಟು ಸಿಕ್ಕರೆ ಆ ಕುರ್ಚಿ ಅವಳದು. ಸಿಗದಿದ್ದರೆ ಅವರ ಅಳಿಯನದು. ಅಳಿಯ ಎಂಬಿಎ ಪದವೀಧರ, ಒಳ್ಳೆಯ ಮನುಷ್ಯ; ಬಿಳಿ ಬಟ್ಟೆಯನ್ನೂ ಬಣ್ಣದ ಬಟ್ಟೆಯನ್ನೂ ಒಂದೇ ಯಂತ್ರಕ್ಕೆ ಹಾಕಿ ಇಡೀ ಆಸ್ಪತ್ರೆಗೆ ನಸುಗುಲಾಬಿ ಹಾಸಿಗೆ ಹಾಸಿಸಿದವರು.

ಹೀಗೆ ನಾವಿಬ್ಬರೂ ಪುಸ್ತಕದ ಅಂಗಡಿಗೆ ಹೋದೆವು. ಇಂಥ ಪರೀಕ್ಷೆಗಳ ಪುಸ್ತಕಗಳಿಗೇ ಅಲ್ಲೊಂದು ಗೋಡೆ ಮೀಸಲು. ಒಂದೊಂದರ ಬೆನ್ನಿನ ಮೇಲೂ ಗೆದ್ದವರ ನಗುಮುಖ. ನಾನು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜು ನೋಡಿಕೊಳ್ಳುವವಳು. ರೋಗಿಗಳ ನಡುವಿನ ಬಿಡುವಿನಲ್ಲಿ ಅನುವಾದಿತ ಕಾದಂಬರಿ ಓದುತ್ತೇನೆ. ಅದಕ್ಕಾಗಿ ಅಂಗಡಿಯವರಿಗೆ ನನ್ನ ಪರಿಚಯವಿದೆ. ಅವರು ಎತ್ತರದ ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿ, “ಇದನ್ನ ಕೋಚಿಂಗ್ ಸೆಂಟರ್‌ನೋರು ಮಾಡಿದ್ದು. ನಾಲ್ಕೈದು ಥರದ ಪರೀಕ್ಷೆ ಕೊಟ್ಟಿದಾರೆ, ಯಾವುದಾದ್ರೂ ಬರ್ಲಿ ಅಂತ” ಎಂದರು.

ತಂಗಿ ಅದನ್ನು ತೂಗಿ ನೋಡಿ ಕೆಳಗಿಟ್ಟಳು. ತಮ್ಮ ಮುದ್ರೆಯಿದ್ದ ತೆಳ್ಳನೆಯದನ್ನು ಎತ್ತಿಕೊಂಡಳು. “ಪ್ರಶ್ನೆ ತೆಗೆಯೋರೇ ಬರೆದ ಪುಸ್ತಕ ಇಲ್ಲಿರುವಾಗ ಊಹೆ ಮಾಡೋರದ್ದು ಯಾಕೆ ಅಂಕಲ್?”

“ಅದೂ ಸರಿನೇ,” ಎಂದರು ಅವರು. “ಮನೆಯವರೇ ಬಾಗಿಲು ತೆಗೆದ ಹಾಗೆ.”

ರಕ್ಷಾಪುಟದ ಮೇಲೆ ತಾವೇ ಅಚ್ಚು ಹಾಕಿಸಿದ್ದಿರಿ: ‘ಇದೊಂದೇ ಸಾಕು.’ ಅಧ್ಯಯನ ಸಾಮಗ್ರಿ ಆರಿಸಿಕೊಳ್ಳುವುದು ಹೇಗೆ ಎಂಬ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾಗಿ, ಅನ್ಯ ಪುಸ್ತಕಗಳು ಅಭ್ಯರ್ಥಿಗಳನ್ನು ಗೊಂದಲಕ್ಕೀಡು ಮಾಡುತ್ತವೆ, ಅವನ್ನು ದೂರವಿಡಿ ಎಂದಿದ್ದಿರಿ. ದೂರವಿಟ್ಟೆವು.

ತಯಾರಿ ನಡೆದದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ, ರಜೆಯ ದಿನಗಳ ಬೆಳಗಿನಲ್ಲಿ. ಗಡಿಯಾರ ಹಿಡಿದು ಮೇಲ್ವಿಚಾರಕಿಯಾಗಿ ಕೂರುತ್ತಿದ್ದವಳು ನಾನು. ಸೋಪಿನ ನೀರಿಗೆ ಬಿರುಕು ಬಿಟ್ಟ ಬೆರಳುಗಳಿಗೆ ಮುಲಾಮು ಹಚ್ಚಿಕೊಂಡು ಅವಳು ಬರೆಯುತ್ತಿದ್ದಳು. “ಮೇಡಂ, ಮೂಗು ತುರಿಸ್ತಿದೆ, ಅನುಮತಿ ಇದೆಯಾ?” ಎಂದು ನಗಿಸುತ್ತಿದ್ದಳು. ಮೊದಲು ತಾವು ಹೇಳಿದಂತೆ ಗಡಿಯಾರವಿಲ್ಲದೆ ಲೆಕ್ಕದ ಬುಡ ಗಟ್ಟಿ ಮಾಡಿಕೊಂಡಳು. ಆಮೇಲೆ ಗಡಿಯಾರವಿಟ್ಟು ವಿಭಾಗ ವಿಭಾಗವಾಗಿ. ಕೊನೆಗೆ ಪೂರ್ತಿ ಪರೀಕ್ಷೆ. ತಪ್ಪಿದ ಉತ್ತರವನ್ನು ತಿದ್ದಿಕೊಂಡು ಸುಮ್ಮನಾಗುತ್ತಿರಲಿಲ್ಲ. ಯಾಕೆ ತಪ್ಪಿತು ಎಂದು ನನಗೆ ವಿವರಿಸಿ ಹೇಳುತ್ತಿದ್ದಳು. ಅರ್ಥವಾಗದಿದ್ದರೂ ನಾನು ತಲೆದೂಗಬೇಕಿತ್ತು.

ಒಂದೇ ಒಂದು ಕಡೆ ನನಗೂ ತಮ್ಮ ಪುಸ್ತಕಕ್ಕೂ ತಕರಾರು ಬಂತು. ಗದ್ಯಭಾಗ ಓದುವ ಮೊದಲೇ ಪ್ರಶ್ನೆ ಓದಿ, ಆಮೇಲೆ ಉತ್ತರವನ್ನು ಗದ್ಯದಲ್ಲಿ ಹುಡುಕಿ ಎಂದು ಅದು ಹೇಳುತ್ತದೆ. ಬರೆದವರಿಗೆ ಇದಕ್ಕಿಂತ ಅವಮಾನವಿಲ್ಲ ಎಂದೆ. ತಂಗಿ ತಲೆ ಎತ್ತದೆ, “ಅಕ್ಕಾ, ಇಲ್ಲಿ ಯಾರೂ ಬರೆದಿಲ್ಲ. ಕಲೆ ಎಲ್ಲಿದೆ ಅಂತ ಗೊತ್ತಿದ್ರೆ ಇಡೀ ಬೆಡ್‌ಶೀಟ್ ಯಾಕೆ ಉಜ್ಜಬೇಕು?” ಎಂದಳು. ನಾನು ಮತ್ತೆ ಗಡಿಯಾರ ಹಿಡಿದೆ.

ತಮ್ಮ ಪುಸ್ತಕದ ಪ್ರಾಣವೆಂದರೆ ‘ಎರಡು ಸುತ್ತಿನ ತಂತ್ರ’ ಎಂಬ ಅಧ್ಯಾಯ. ಮೊದಲ ಸುತ್ತಿನಲ್ಲಿ ಸುಲಭದವನ್ನು ಮುಗಿಸಿ. ಕಷ್ಟದ್ದಕ್ಕೆ ಗುರುತು ಹಾಕಿ ಬಿಡಿ. ಉಳಿಸಿದ ಸಮಯವನ್ನೆಲ್ಲ ಎರಡನೇ ಸುತ್ತಿಗೆ ಕೊಡಿ. ಅದನ್ನು ಓದಿದ ದಿನ ತಂಗಿಯ ಮುಖ ನೋಡಬೇಕಿತ್ತು. “ಇದು ನಮ್ಮ ಬುಟ್ಟಿ ಕಣಕ್ಕ! ನನ್ನ ಮೇಜು ನೋಡೇ ಬರೆದಿರ್ಬೇಕು ಇವರು!” ಲೆಕ್ಕವೆಂದರೆ ಹಿಂಜರಿಯುತ್ತಿದ್ದವಳಿಗೆ ಆ ದಿನ ಧೈರ್ಯ ಬಂತು. ಪುಸ್ತಕದ ಜೊತೆ ತಾವು ಕೊಟ್ಟ ಅಭ್ಯಾಸದ ತಂತ್ರಾಂಶದಲ್ಲೂ ಹಾಗೆಯೇ ಇತ್ತು. ‘ಗುರುತು ಹಾಕಿ’ ಎಂಬ ಗುಂಡಿ ಒತ್ತಿದರೆ ಪ್ರಶ್ನೆ ಹಳದಿ ಚೌಕವಾಗಿ ಮೇಲೆ ಹೋಗಿ ಕೂರುತ್ತಿತ್ತು. ಚೌಕ ಒತ್ತಿದರೆ ಪ್ರಶ್ನೆ ಮತ್ತೆ ತೆರೆಯುತ್ತಿತ್ತು.

ಅನುವಾದ ಓದುವವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಮೂಲ ನಮಗೆ ಗೊತ್ತಿರುವುದಿಲ್ಲ, ಗೊತ್ತಾಗುವುದೂ ಇಲ್ಲ. ನಡುವೆ ನಿಂತವರು ಅಲ್ಲಿದ್ದುದನ್ನೇ ಇಲ್ಲಿಗೆ ತಂದಿದ್ದಾರೆ ಎಂದು ನಂಬಿ ಪುಟ ತಿರುಗಿಸುತ್ತೇವೆ. ಒಂದು ವಾಕ್ಯ ಎಡವಬಹುದು, ಒಂದು ಪದ ಮಂಕಾಗಬಹುದು, ಅದನ್ನು ಕ್ಷಮಿಸುತ್ತೇವೆ. ಆದರೆ ಮೂಲದಲ್ಲಿ ಬಾಗಿಲು ಮುಚ್ಚಿದೆ ಎಂದಿರುವುದನ್ನು, ಬಾಗಿಲು ತೆರೆದಿದೆ ಎಂದು ತಿಳಿದೂ ತಿಳಿದೂ ಬರೆದುಕೊಟ್ಟರೆ? ಪರೀಕ್ಷೆಯ ಮೂಲ ತಮ್ಮ ಬಳಿ ಇತ್ತು. ನಮ್ಮ ಬಳಿ ಇದ್ದದ್ದು ಅದರ ಅನುವಾದ ಮಾತ್ರ, ಅದೂ ತಮ್ಮದೇ ಕೈಯದು.

ಪರೀಕ್ಷೆಯ ದಿನ ನಾನು ಕೇಂದ್ರದ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ತಂಗಿ ಎಲ್ಲರಿಗಿಂತ ಮೊದಲು ಹೊರಬಂದಳು. ಚೆನ್ನಾಗಿ ಬರೆದಿರಬೇಕು ಎಂದುಕೊಂಡು ಎದ್ದೆ. ಅವಳು ನನ್ನ ಪಕ್ಕ ಕೂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು, “ಸಮಯ ಉಳೀತು ಅಕ್ಕ,” ಎಂದಳು. “ಜೀವನದಲ್ಲಿ ಮೊದಲ ಸಲ ನನ್ನ ಹತ್ರ ಸಮಯ ಮಿಕ್ಕಿತ್ತು. ಖರ್ಚು ಮಾಡೋಕೆ ಜಾಗ ಇರ್ಲಿಲ್ಲ.”

ನಡೆದದ್ದು ಹೀಗೆ. ಶುರುವಿನಲ್ಲೇ ಒಂದು ಉದ್ದನೆಯ ಗದ್ಯಭಾಗ, ಅದರ ಬೆನ್ನಿಗೇ ಕೋಷ್ಟಕದ ಪ್ರಶ್ನೆಗಳ ಗುಂಪು ಬಂತು. ಕಲಿತಂತೆ ಗುರುತು ಹಾಕಿ ಮುಂದೆ ಹೋದಳು. ಗುಂಡಿ ಇತ್ತು, ಹಳದಿ ಚೌಕಗಳೂ ಮೇಲೆ ಹೋಗಿ ಕೂತವು. ಉಳಿದದ್ದನ್ನೆಲ್ಲ ಮುಗಿಸಿ, ನೆಟ್ಟಗೆ ಕೂತು, ಮೊದಲ ಚೌಕ ಒತ್ತಿದಳು. ತೆರೆಯಲಿಲ್ಲ. ಎರಡನೆಯದು. ಮೂರನೆಯದು. ಕೈ ಎತ್ತಿದಳು. ಮೇಲ್ವಿಚಾರಕರು ಬಂದು ಬಗ್ಗಿ ನೋಡಿ, ಬಹಳ ಮೃದುವಾಗಿ, “ಮುಂದೆ ಹೋದ್ಮೇಲೆ ಹಿಂದಿನದು ಮುಚ್ಚಿಹೋಗತ್ತಮ್ಮ ಈ ಸಲ. ಆ ಗುಂಡಿ ಸುಮ್ನೆ ಇರೋದು, ಕೆಲಸ ಮಾಡಲ್ಲ” ಎಂದರು.

ಕೆಲಸ ಮಾಡದ ಗುಂಡಿಯನ್ನು ತೆಗೆಯುವಷ್ಟಾದರೂ ಮರ್ಯಾದೆ ಬೇಡವೇ?

ಗಂಟೆ ಹೊಡೆಯುವವರೆಗೂ ಕಾಯದೆ ಅವಳು ಎದ್ದು ಬಂದಳು. ಬಿಟ್ಟ ಪ್ರಶ್ನೆಗಳೆಲ್ಲ ತಪ್ಪು ಉತ್ತರಗಳೆಂದೇ ಲೆಕ್ಕವಾದವು. ಸೀಟು ಕೈತಪ್ಪಿತು.

ನಾನು ಅರ್ಧ ದಿನ ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ವಿಚಾರಣೆಯ ಕಿಟಕಿಯಲ್ಲಿದ್ದ ಗುಮಾಸ್ತರಿಗೆ ಎಲ್ಲ ಹೇಳಿದೆ.

“ಮೇಡಂ, ಸೂಚನೆಗಳ ಪುಟದಲ್ಲಿ ಬರೆದಿತ್ತಲ್ಲ? ಹಿಂದಕ್ಕೆ ಹೋಗೋಕಾಗಲ್ಲ ಅಂತ. ನಿಮ್ಮ ತಂಗಿ ‘ಓದಿದ್ದೇನೆ, ಒಪ್ಪಿದ್ದೇನೆ’ ಅಂತ ಒತ್ತಿದಾರೆ.”

ನಾನು ಪುಸ್ತಕ ತೆರೆದು ತಮ್ಮದೇ ಸಾಲು ಓದಿ ಹೇಳಿದೆ: ‘ಪರೀಕ್ಷೆಯಲ್ಲಿ ಸೂಚನೆಗಳ ಪುಟಕ್ಕೆ ಸಮಯ ಕಳೆಯಬೇಡಿ. ಅವು ಈ ಪುಸ್ತಕದಲ್ಲಿರುವ ಸೂಚನೆಗಳೇ.’

ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು. “ಓಹೋ, ಇದು ಹಳೇದು. ಈಗ ಹೊಸದು ಬಂದಿದೆ. ಅದ್ರಲ್ಲಿ ಈ ಎರಡು ಸುತ್ತಿನ ಪಾಠ ತೆಗೆದುಬಿಟ್ಟಿದೀವಿ.”

“ಪರೀಕ್ಷೆ ಬದಲಾಗತ್ತೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಅಯ್ಯೋ, ಅದು ಹೋದ ವರ್ಷವೇ ತೀರ್ಮಾನ ಆಗಿತ್ತಲ್ಲ ಮೇಡಂ.”

“ಮತ್ತೆ ಇದನ್ನ ಯಾಕೆ ಮಾರ್ತಾ ಇದ್ರಿ?”

ಅವರು ನನ್ನನ್ನು ಲೋಕಜ್ಞಾನವಿಲ್ಲದವಳಂತೆ ನೋಡಿದರು. “ಗೋಡೌನ್ ತುಂಬ ಇತ್ತಲ್ಲ ಮೇಡಂ. ಸುಡೋಕಾಗತ್ತಾ?”

ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ನಿಜ ಹೇಳುವ ಮನುಷ್ಯ ಅವರೊಬ್ಬರೇ. ಅವರಿಗೆ ತೊಂದರೆ ಕೊಡಬೇಡಿ.

ಆದರೆ ತಾವು? ಪರೀಕ್ಷೆಯ ಸ್ವರೂಪ ಬದಲಿಸುವ ಹಕ್ಕು ತಮಗಿದೆ, ನಾನು ಅದನ್ನು ಪ್ರಶ್ನಿಸುತ್ತಿಲ್ಲ. ಹಿಂದಕ್ಕೆ ಬರಲಾಗದ ಪರೀಕ್ಷೆಗೂ ಅದರದೇ ತಂತ್ರವಿದೆ: ಪ್ರತಿ ಪ್ರಶ್ನೆಗೂ ಇಂತಿಷ್ಟೇ ಹೊತ್ತು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು, ಉತ್ತರ ಹೊಳೆಯದಿದ್ದರೆ ಸಾಧ್ಯವೇ ಇಲ್ಲದ ಆಯ್ಕೆಗಳನ್ನು ಹೊಡೆದುಹಾಕಿ ಉಳಿದುದರಲ್ಲಿ ಒಂದನ್ನು ಆರಿಸಿ ಮುಂದೆ ಹೋಗುವುದು. ಹೇಳಿದ್ದರೆ ತಂಗಿ ಅದನ್ನೂ ಕಲಿಯುತ್ತಿದ್ದಳು. ಅಂಗಡಿಯವರು ಇಳಿಸಿಕೊಟ್ಟ ಆ ದಪ್ಪ ಪುಸ್ತಕದಲ್ಲಿ ಅಂಥದೊಂದು ಪರೀಕ್ಷೆಯೂ ಇತ್ತೆಂದು ಆಮೇಲೆ ತಿಳಿಯಿತು. ಊಹೆ ಮಾಡಿದವರು ಸತ್ಯದ ಹತ್ತಿರ ಬಂದಿದ್ದರು. ಸತ್ಯ ಗೊತ್ತಿದ್ದವರು ಗೋಡೌನ್ ಖಾಲಿ ಮಾಡುತ್ತಿದ್ದರು. ವ್ಯವಹಾರ ಕಲಿಸುವ ಸಂಸ್ಥೆಗಳ ಹೆಬ್ಬಾಗಿಲಲ್ಲಿ ತಾವು ಕಲಿಸುವ ಮೊದಲ ವ್ಯವಹಾರಪಾಠ ಇದೇ ಏನು? ಹಾಗಾದರೆ ನನ್ನ ತಂಗಿ ನಪಾಸಾದದ್ದು ನ್ಯಾಯವೇ. ಅವಳು ಕಲೆಯಿದ್ದ ಬಟ್ಟೆಯನ್ನು ಮಡಿಸಿ ಗಿರಾಕಿಗೆ ಕಳಿಸಿದವಳಲ್ಲ.

ಎರಡನೇ ಘಟಕದ ಕುರ್ಚಿಯಲ್ಲಿ ಈಗ ಅಳಿಯ ಕೂತಿದ್ದಾರೆ. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಮೊನ್ನೆ ಊಟದ ಡಬ್ಬಿ ಮರೆತು ಹೋಗಿದ್ದಳೆಂದು ಲಾಂಡ್ರಿಗೆ ಹೋಗಿದ್ದೆ. ಅವಳ ಮೇಜಿನ ಹಿಂದೆ ಬಟ್ಟೆಯ ರಾಶಿ ಎದೆಮಟ್ಟಕ್ಕೆ ಬೆಳೆದಿತ್ತು. ಅವಳು ಒಂದು ದಿಂಬಿನ ಚೀಲ ಹಿಡಿದು, ಮೂಲೆಯ ಒಂದು ಕಂದು ಕಲೆಯನ್ನು ಉಜ್ಜುತ್ತಲೇ ಇದ್ದಳು. ಯಂತ್ರದವನು ಎರಡು ಸಲ ಕೂಗಿದ: “ಅಕ್ಕೋ, ಅದನ್ನ ಬುಟ್ಟಿಗೆ ಬಿಸಾಕಿ, ಡ್ರಮ್ ಖಾಲಿ ತಿರುಗ್ತಿದೆ!” ಅವಳು ಕೇಳಿಸಿಕೊಳ್ಳಲಿಲ್ಲ. ಬುಟ್ಟಿ ಮೇಜಿನ ಕೆಳಗೆ ಬೋರಲಾಗಿ ಬಿದ್ದಿತ್ತು.

“ಯಾಕೆ ಹೀಗೆ?” ಎಂದೆ.

“ಆಮೇಲೆ ಅಂತ ಬಿಟ್ರೆ ಸಿಗುತ್ತೋ ಇಲ್ವೋ ಅಕ್ಕ,” ಎಂದಳು. ಕೈ ನಿಲ್ಲಿಸಲಿಲ್ಲ.

ತಾವು ಅವಳಿಂದ ಕಿತ್ತುಕೊಂಡದ್ದು ಸೀಟನ್ನಷ್ಟೇ ಅಲ್ಲ. ತಮ್ಮ ಪುಸ್ತಕ ಬರುವ ಮೊದಲೇ ಅವಳ ಕೈಯಲ್ಲಿದ್ದ ವಿದ್ಯೆಯನ್ನೂ. ಅವಳದೇ ಬುಟ್ಟಿಯನ್ನು ತಮ್ಮ ಮುದ್ರೆ ಒತ್ತಿ ಅವಳಿಗೇ ಮಾರಿದಿರಿ. ನಂಬಿಕೆಯಿಂದ ಕೈ ಹಾಕಿದಾಗ ಅದಕ್ಕೆ ತಳವಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಕೃಪಾಂಕ ಬೇಡ, ಅವಳು ತಪ್ಪು ಮಾಡಿಲ್ಲ, ಕೃಪೆ ಯಾಕೆ? ಪರೀಕ್ಷೆ ಬದಲಾಗುತ್ತದೆಂದು ಗೊತ್ತಿದ್ದೂ ಹಳೆಯ ಪುಸ್ತಕ ಮಾರಿದೆವು ಎಂದು ಎಲ್ಲರೂ ಓದುವ ಜಾಗದಲ್ಲಿ, ತಮ್ಮ ಸಹಿಯೊಂದಿಗೆ ಪ್ರಕಟಿಸಿ. ಆ ಪುಸ್ತಕ ನಂಬಿ ಬರೆದವರಿಗೆ, ಪ್ರವೇಶದ ಬಾಗಿಲು ಮುಚ್ಚುವ ಮೊದಲು, ತಾವು ಕಲಿಸಿದ ಪರೀಕ್ಷೆಯನ್ನೇ ಕೊಡಿ. ಚೌಕ ಒತ್ತಿದರೆ ಪ್ರಶ್ನೆ ತೆರೆಯಬೇಕು. ಅಷ್ಟೇ. ಅಳಿಯನನ್ನು ಎಬ್ಬಿಸುವುದು ಸಾಧ್ಯವೋ ಇಲ್ಲವೋ ನಾನರಿಯೆ. ಬೋರಲು ಬಿದ್ದ ಬುಟ್ಟಿಯನ್ನು ಅವಳು ಎತ್ತಿಡುವಂತಾದರೆ ನನಗೆ ಸಾಕು.

ಕೊನೆಗೆ ಬಂದಿದ್ದೇನೆ. ಪಕ್ಕಕ್ಕಿಟ್ಟ ಪದಕ್ಕೆ ಎರಡನೇ ಸುತ್ತಿನಲ್ಲಿ ಮರಳುವುದಾಗಿ ಹೇಳಿದ್ದೆ. ಮರಳಿ ಬಂದು, ಒತ್ತಿ ನೋಡಿದೆ. ತೆರೆಯುತ್ತಿಲ್ಲ.

ಇಂತಿ,
ಇದೊಂದೇ ಸಾಕೆಂದು ನಂಬಿದ
ಒಬ್ಬ ಅಭ್ಯರ್ಥಿಯ ಅಕ್ಕ