ಕುರಿಮರಿಗೆ ಸಿಕ್ಕ ಹಾಲು

ತಿರ್ಲಾಪುರ,
12-9-1986

ನನ್ನ ಅವ್ವ ಮೈಲಾರವ್ವನಿಗೆ,

ನಿನ್ನ ಹಿರಿಯ ಮಗಳು ದೇವಕ್ಕ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಕಾಲಿಗೆ ಬಿದ್ದೆನೆಂದ ಮಾತ್ರಕ್ಕೆ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ನಾನು ಆರಾಮ ಇದ್ದೇನೆ. ಇಲ್ಲಿ ಒಂದಿಷ್ಟು ಮಳೆ ಬಂದು ಹತ್ತಿ ಎದ್ದು ನಿಂತಿದೆ, ನಿಮ್ಮ ಕಡೆಯೂ ಬಂದಿರಬೇಕು. ಕ್ಷೇಮ ಸಮಾಚಾರ ಇಷ್ಟೇ. ಇನ್ನು ಮುಂದಿನದೆಲ್ಲ ಜಗಳ.

ಅಪ್ಪಾ, ಈ ಪತ್ರವನ್ನು ಅವ್ವನಿಗೆ ಓದಿ ಹೇಳುವವನು ನೀನೇ. ಹೆಂಗಸರ ಮಾತು ಬಂದಲ್ಲೆಲ್ಲ ನೀನು ಕೆಮ್ಮಿ ಎರಡು ಸಾಲು ನುಂಗುವುದು ನನಗೆ ಗೊತ್ತಿದೆ. ಈ ಸಲ ನುಂಗಬೇಡ. ಮೊಲೆ, ಹಾಲು, ಬಾಣಂತಿ ಎಲ್ಲ ಬರುತ್ತದೆ. ದಿನ ಬೆಳಗಾದರೆ ಕುರಿಯ ಕೆಚ್ಚಲು ಹಿಡಿಯುವವನು ಮಗಳ ಪತ್ರ ಓದಲು ನಾಚಿದರೆ ಹೇಗೆ? ತಂಗಿ ಮಲ್ಲಕ್ಕನನ್ನು ಮಾತ್ರ ಹೊರಗೆ ಕಳಿಸಿ ಓದು. ತುಂಬಿದ ಬಸುರಿ, ಈ ರಾದ್ಧಾಂತ ಅವಳಿಗೆ ಬೇಡ.

ಅವ್ವಾ, ನನ್ನ ತಂಗಿ ಎರಡನೆಯ ಸಲ ಹೆರಿಗೆಗೆಂದು ನಿನ್ನ ಮನೆಗೆ ಬಂದಿದ್ದಾಳೆ. ಮೊದಲನೆಯ ಕೂಸನ್ನು ಮಣ್ಣಿಗಿಟ್ಟಿದ್ದೇವೆ. ಈ ಕೂಸು ಉಳಿಯಬೇಕು. ಅದಕ್ಕೆ ನಾನು ಕೇಳುವುದು ಒಂದೇ: ಹುಟ್ಟಿದ ಕೂಡಲೇ ಅದನ್ನು ತಾಯಿಯ ಎದೆಗೆ ಹಚ್ಚು. ಮೂರು ದಿನ ಬಿಟ್ಟಲ್ಲ, ಕೂಡಲೇ. ಬೆಲ್ಲದ ನೀರು ಬೇಡ, ಔಡಲೆಣ್ಣೆ ಬೇಡ, ಡಬ್ಬಿಯ ಹಾಲಂತೂ ಬೇಡವೇ ಬೇಡ.

ಈಗ ನೀನು "ಇಕಿ ಮತ್ ಸುರು ಹಚ್ಚಿದ್ಲು" ಎಂದು ಸೆರಗು ಝಾಡಿಸಿ ಏಳುತ್ತೀ. ಏಳಬೇಡ, ಕೂತು ಕೇಳು.

ಹೋದ ವರ್ಷ ಬನದ ಹುಣ್ಣಿಮೆಯ ಚಳಿಯಲ್ಲಿ ಮಲ್ಲಕ್ಕ ಹಡೆದ ಮರುದಿನ ನಾನು ಬಂದೆ. ಕೂಸು ಒಣ ಬಾಯಿ ಚಪ್ಪರಿಸುತ್ತಿತ್ತು. ನೀನು ಅರಿವೆಯ ತುದಿಯನ್ನು ಬೆಲ್ಲದ ನೀರಿಗೆ ಅದ್ದಿ ಅದರ ಬಾಯಿಗೆ ಇಡುತ್ತಿದ್ದೆ. ಮಲ್ಲಕ್ಕ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ತನ್ನ ಎದೆಯ ಹಾಲನ್ನು ಬೂದಿ ಹಾಕಿದ ಪರಾತಕ್ಕೆ ಹಿಂಡುತ್ತಿದ್ದಳು. ಯಾಕೆ ಎಂದು ಕೇಳಿದರೆ ನೀನು ಹೇಳಿದ್ದು ನೆನಪಿದೆಯೇ? "ಅದು ಹಾಲಲ್ಲವಾ, ಕೀವು ಇದ್ದಾಂಗ ಐತಿ, ಹಳದಿ. ಒಂಬತ್ತ್ ತಿಂಗಳ ಒಳಗ ಕುಂತ ಹೊಲಸು. ಕೂಸಿನ ಹೊಟ್ಟಿಗೆ ಬಿದ್ರ ಜೀವಾನ ತಗೀತೈತಿ."

ಅದೇ ಹೊತ್ತಿಗೆ ಅಂಗಳದಿಂದ ಅಪ್ಪ ಕೂಗಿದ. ಬೋಳಿ ಕುರಿ ಈದಿತ್ತು, ಮರಿ ಸೊರಗಿ ಕಾಲು ಊರುತ್ತಿರಲಿಲ್ಲ. ನೀನು ಕೂಸಿನ ಅರಿವೆಯನ್ನು ನನ್ನ ಕೈಗೆ ಕೊಟ್ಟು ಓಡಿದೆ. ಆ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಕುರಿಯ ಕೆಚ್ಚಲಿನಿಂದ ಹಳದಿ ಗಿಣ್ಣದ ಹಾಲನ್ನು ನೇರ ಅದರ ಬಾಯಿಗೆ ಹಿಂಡಿದೆ. ಬಾಯಿ ತೆರೆಯದಿದ್ದರೆ ಬೆರಳು ಹಾಕಿ ತೆರೆಸಿದೆ. ಆಗ ನೀನು ಅಪ್ಪನಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ: "ಗಿಣ್ಣದ ಹಾಲು ಮೊದಲ ಹೊಟ್ಟ್ಯಾಗ ಬಿತ್ತಂದ್ರ ಮರಿ ಉಳೀತೈತಿ. ಬೀಳಲಿಲ್ಲಂದ್ರ ಯಾವ ದೇವ್ರೂ ಉಳಸೂದಿಲ್ಲ."

ಅಲ್ಲಿಯೇ ನನಗೆ ಸಿಟ್ಟು ನೆತ್ತಿಗೇರಿತು. ಕುರಿಯ ಮರಿಗೆ ಇರುವ ನ್ಯಾಯ ಮಗಳ ಕೂಸಿಗೆ ಯಾಕೆ ಇಲ್ಲ ಎಂದು ಕೇಳಿದೆ. ನೀನು ಓಣಿಗೆಲ್ಲ ಕೇಳುವಂತೆ "ನಮ್ಮ ಕೂಸ್ ಏನ್ ಕುರಿಮರಿ ಅಂತ ತಿಳದೀಯೇನ್ ಲೇ?" ಎಂದೆ. ಬಾಜು ಮನೆಯ ಹೆಂಗಸರು ನಕ್ಕರು. ನಾನು ಸಂಜೆಯ ಬಸ್ಸಿಗೆ ಹೊರಟು ಬಂದೆ. ಆ ಮರಿ ಬೆಳೆದು ಈಗ ತಾನೂ ಈಯುವ ಕುರಿಯಾಗಿದೆ ಎಂದು ಅಪ್ಪ ಬರೆದಿದ್ದ. ಕೂಸು ಎಲ್ಲಿದೆ?

ಉಳಿದದ್ದು ನಿನಗೂ ಗೊತ್ತು. ಹಿಂಡಿ ಹಿಂಡಿ ಎದೆ ಕಲ್ಲಾಗಿ ಮಲ್ಲಕ್ಕನಿಗೆ ಜ್ವರ ಬಂತು. ಮೂರು ದಿನವಾದ ಮೇಲೆ ಕೂಸನ್ನು ಹಚ್ಚಿದರೆ ಅದಕ್ಕೆ ಚೀಪುವ ಶಕ್ತಿ ಇರಲಿಲ್ಲ. ಅವಳ ಗಂಡ ಭರಮಪ್ಪ ದೊಡ್ಡ ಮನಸ್ಸು ಮಾಡಿ ಹುಬ್ಬಳ್ಳಿಯಿಂದ ಪುಡಿಹಾಲಿನ ಡಬ್ಬಿ, ಬಾಟಲಿ ತಂದ. ಡಬ್ಬಿಯ ಮೇಲೆ ಗಲ್ಲ ತುಂಬಿದ ಕೆಂಪು ಕೂಸಿನ ಚಿತ್ರ. ಓಣಿಯವರೆಲ್ಲ ಆ ಡಬ್ಬಿಯನ್ನು ನೋಡಲು ಬಂದರಂತೆ, ಕೂಸನ್ನಲ್ಲ. ಕೆರೆಯ ನೀರಿನಲ್ಲಿ ಕಲಸಿದಿರಿ, ಡಬ್ಬಿ ಬೇಗ ತೀರದಿರಲಿ ಎಂದು ತೆಳ್ಳಗೆ ಕಲಸಿದಿರಿ. ಭೇದಿ ಹತ್ತಿತು. ಭೇದಿ ಹತ್ತಿತೆಂದು ಇದ್ದಷ್ಟು ತಾಯಿಯ ಹಾಲನ್ನೂ ನಿಲ್ಲಿಸಿದಿರಿ. ಕೂಸು ಹೋದಾಗ ನೀನು ಎದೆ ಬಡಿದುಕೊಂಡು, ಐದನೆಯ ದಿನ ಶೆಟಿಗೆವ್ವ ಬಂದು ಹಣೆಯಲ್ಲಿ ಅಷ್ಟೇ ಬರೆದು ಹೋಗಿದ್ದಳು ಎಂದು ಅತ್ತೆ. ಪಾಪ, ಆ ದೇವಿಯ ಮೇಲೆ ಯಾಕೆ ಹಾಕುತ್ತೀ? ಅವಳು ಬರುವ ಮೊದಲೇ ನಾವು ಬರೆದು ಮುಗಿಸಿದ್ದೆವು.

ಹೌದು, ನನಗೆ ಸಿಟ್ಟು ಬಂದಿದೆ. ನಿನ್ನೊಬ್ಬಳ ಮೇಲೆ ಅಲ್ಲ. ನನಗೆ ಸಂಬಳ ಕೊಡುತ್ತಿದ್ದವರ ಮೇಲೆ ಅದಕ್ಕಿಂತ ಹೆಚ್ಚು ಬಂದಿದೆ.

ನನ್ನದು "ಕೂಸು ತೂಗೂ ನೌಕರಿ" ಎಂದು ನೀನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೀಯಂತೆ. ಖರೇ, ಅದೇ ನೌಕರಿ. ದೂರದ ಪಟ್ಟಣದ ಒಂದು ಸಂಸ್ಥೆಯವರು ಈ ಊರುಗಳಲ್ಲಿ ಕೂಸುಗಳ ಸಂಶೋಧನೆ ಇಟ್ಟಿದ್ದರು. ನಾನು ಮನೆಮನೆಗೆ ಹೋಗಿ ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ತೂಗಿ, ತಾಯಂದಿರನ್ನು ಕೇಳುವುದು: ಹುಟ್ಟಿದ ಮೇಲೆ ಮೊದಲು ಏನು ಕೊಟ್ಟಿರಿ, ಮೊಲೆಗೆ ಯಾವಾಗ ಹಚ್ಚಿದಿರಿ, ಬಾಟಲಿ ಇದೆಯೇ, ಭೇದಿ ಆಗಿತ್ತೇ. ಕೇಳುವುದು ಮಾತ್ರ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ತುಟಿ ಬಿಚ್ಚಕೂಡದು, ಬಿಚ್ಚಿದರೆ ಸಂಶೋಧನೆ ಕೆಡುತ್ತದೆ ಎಂದು ದೊಡ್ಡ ಡಾಕ್ಟರು ಮೊದಲ ದಿನವೇ ತಾಕೀತು ಮಾಡಿದ್ದರು.

ಇಲ್ಲಿ ರಾಮವ್ವ ಎಂಬಾಕೆ ಇದ್ದಾಳೆ, ಕೂಲಿ ಮಾಡಿ ಉಣ್ಣುವವಳು. ಅವಳ ಮೊದಲ ಎರಡೂ ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಒಂದು ದಿನ ನನ್ನ ಕೈ ಹಿಡಿದು ಕೇಳಿದಳು, "ಬಾಯಾರ, ಇಷ್ಟೆಲ್ಲಾ ಕೇಳಿ ಬರಕೊಂಡ್ ಹೊಕ್ಕೀರಿ. ಕೂಸು ಉಳೀಬೇಕಂದ್ರ ಯಾವುದು ಚಲೋ ಅಂತ ನಿಮಗರೆ ಗೊತ್ತೈತೇನ್ರಿ?" ಎಂದು. ನಾನು ಮುಂದಿನ ಪ್ರಶ್ನೆ ಕೇಳಿ, ಬರೆದುಕೊಂಡು ಎದ್ದು ಬಂದೆ ಅವ್ವಾ. ಅಂಥ ಸಂಕಟ ನನ್ನ ವೈರಿಗೂ ಬೇಡ.

ಈ ತಿಂಗಳ ಮೊದಲಿಗೆ ನವಲಗುಂದದಲ್ಲಿ ಸಭೆ ಮಾಡಿ ಫಲಿತಾಂಶ ಹೇಳಿದರು. ಹುಟ್ಟಿದ ದಿನದಿಂದ ಮೊಲೆಯನ್ನೇ ಕುಡಿದ ಕೂಸುಗಳಿಗೆ ಭೇದಿ, ಬೇನೆ ಕಡಿಮೆ. ಬಾಟಲಿ ಕುಡಿದವುಗಳಿಗೆ ಅಗದಿ ಹೆಚ್ಚು, ಸತ್ತವೂ ಅವುಗಳಲ್ಲೇ ಹೆಚ್ಚು. ಬೇರೆ ದೇಶಗಳಲ್ಲಿ ನೋಡಿದವರಿಗೂ ಹೀಗೇ ಕಂಡಿದೆಯಂತೆ. ನೀನು ಹೊಲಸು ಎನ್ನುವ ಆ ಹಳದಿ ಹಾಲಿನಲ್ಲೇ ಕೂಸಿಗೆ ಬೇನೆ ತಡೆಯುವ ಸತ್ವ ಇರುವುದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಬಂತು, ಬಿಸ್ಕೀಟು ಬಂತು. ನಾನು ಎದ್ದು ನಿಂತು, ಇದನ್ನು ಆ ತಾಯಂದಿರಿಗೆ ಯಾವಾಗ ಹೇಳುವುದು ಎಂದು ಕೇಳಿದೆ. ಡಾಕ್ಟರು ನಕ್ಕು, ಮೊದಲು ಪರದೇಶದ ಪತ್ರಿಕೆಯಲ್ಲಿ ಅಚ್ಚಾಗಲಿ, ಅಲ್ಲಿಯ ತನಕ ಹೊರಗೆ ಮಾತಾಡುವುದು ಬೇಡ ಎಂದರು. ಅಚ್ಚಾಗಲು ವರ್ಷವೇ ಹಿಡಿಯಬಹುದಂತೆ. ಅಷ್ಟರಲ್ಲಿ ಈ ತಾಲೂಕಿನಲ್ಲಿ ಎಷ್ಟು ಕೂಸು ಹುಟ್ಟುತ್ತವೆ, ಎಷ್ಟು ಬಾಯಿಗೆ ಬೆಲ್ಲದ ನೀರು ಬೀಳುತ್ತದೆ ಎನ್ನುವುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹಾಲು ಈ ತಾಯಂದಿರದು, ಕೂಸು ಇವರದು, ಸತ್ತದ್ದೂ ಇವರ ಮನೆಯಲ್ಲಿ. ಸುದ್ದಿ ಮಾತ್ರ ಮೊದಲು ಪರದೇಶಕ್ಕೆ ಹೋಗಬೇಕು!

ಮರುದಿನ ಬೆಳಿಗ್ಗೆಯೇ ನಾನು ರಾಮವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ಆಮೇಲೆ ಬಾಜು ಮನೆಗೆ, ಆಮೇಲೆ ಇಡೀ ಓಣಿಗೆ. ಸುದ್ದಿ ಮೇಲಿನವರಿಗೆ ಮುಟ್ಟಿತು. ನಾಳೆಯಿಂದ ಬರಬೇಡ ಎಂದರು. ಸರಿ ಎಂದು ತಕ್ಕಡಿ ಒಪ್ಪಿಸಿ ಬಂದೆ. ನೌಕರಿ ಹೋಯಿತೆಂದು ಅಳಬೇಡ, ನನಗೆ ಅಳು ಬಂದಿಲ್ಲ. ರಾಮವ್ವ ಮೊನ್ನೆ ಹಡೆದಳು, ಹೆಣ್ಣು ಕೂಸು. ಅತ್ತೆ ಅಡ್ಡ ಬಂದರೂ ಕೇಳದೆ ಆಗಲೇ ಎದೆಗೆ ಹಚ್ಚಿಕೊಂಡಳು. ನಾನು ಅಲ್ಲಿಯೇ ಇದ್ದೆ.

ಸಂಶೋಧನೆ ಎಂದರೆ ಪಟ್ಟಣದವರ ಕಾಗದ, ನಮಗೇನು ಎನ್ನುತ್ತೀ. ಹಾಗಾದರೆ ನಿನ್ನದೇ ಮಾತು ಕೇಳು. ನನಗಿಂತ ಮೊದಲು ಎರಡು ಗಂಡು ಕೂಸು ಹಡೆದೆ, ಮನೆಯಲ್ಲಿ, ಹಿರಿಯರ ನಡುವೆ, ಬೆಲ್ಲದ ನೀರು, ಔಡಲೆಣ್ಣೆ ಎಲ್ಲ ಸಾಂಗವಾಗಿ. ಎರಡೂ ಉಳಿಯಲಿಲ್ಲ. ನಾನು ಹುಟ್ಟಿದ್ದು ಅಡವಿಯಲ್ಲಿ. ಕುರಿ ಹೊಡೆದುಕೊಂಡು ನರಗುಂದದ ಕಡೆ ಹೋದಾಗ ಎರೆಹೊಲದ ಬದುವಿನಲ್ಲಿ ಹಡೆದೆ. ಅಪ್ಪನನ್ನು ಬಿಟ್ಟರೆ ಯಾರೂ ಇರಲಿಲ್ಲ. ಈ ಹೊತ್ತಿಗೂ ನೀನು ನನ್ನ ತಲೆ ಸವರಿ, "ನಿನಗ ಒಂದ್ ಹನಿ ಔಡಲೆಣ್ಣಿ ಸೈತ ಸಿಗಲಿಲ್ಲವಾ, ಬರೇ ನನ್ನ ಎದೀನ ಚೀಪಿಕೋತ ಬಿದ್ದಿದ್ದಿ" ಎಂದು ಕಣ್ಣೀರು ತೆಗೆಯುತ್ತೀ. ಅವ್ವಾ, ನಾನು ಬದುಕಿದ್ದು ಅದಕ್ಕೇ ಇರಬಹುದು. ಚೆಲ್ಲು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಒಂದು ಕೂಸಿನಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಮಲ್ಲಕ್ಕ ಮನೆಯಲ್ಲೇ ಹುಟ್ಟಿ ಉಳಿಯಲಿಲ್ಲವೇ ಎಂದು ನೀನು ಕೇಳಿಯೇ ಕೇಳುತ್ತೀ. ಉಳಿದವರನ್ನು ನಿನ್ನ ಪದ್ಧತಿಯ ಲೆಕ್ಕಕ್ಕೆ ಹಾಕುತ್ತೀ, ಹೋದವರನ್ನು ಶೆಟಿಗೆವ್ವನ ಲೆಕ್ಕಕ್ಕೆ. ಇಷ್ಟು ಊರುಗಳ ಕೂಸುಗಳನ್ನು ಒಟ್ಟಿಗೆ ನೋಡಿದವರು ಹಾಗೆ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ಗುರುವಾರ ನಾನು ಬರುತ್ತೇನೆ. ಅಷ್ಟರಲ್ಲಿ ಹೆರಿಗೆ ಆದರೆ ನನ್ನ ದಾರಿ ಕಾಯಬೇಡ. ಬೈಯುವುದಿದ್ದರೆ ಬಂದ ಮೇಲೆ ಮನಸಾರೆ ಬೈ. ಕೂಸನ್ನು ಮಾತ್ರ ಮೊದಲು ಎದೆಗೆ ಹಚ್ಚು.

ಸಿಟ್ಟಿನಲ್ಲಿಯೂ ನಿನ್ನವಳೇ,
ದೇವಕ್ಕ

ತಾ.ಕ.: ಅಪ್ಪಾ, ಇನ್ನು ಮುಂದಿನದನ್ನು ಅವ್ವನ ಕಿವಿಯ ಹತ್ತಿರ ಕೂತು ಸಣ್ಣ ದನಿಯಲ್ಲಿ ಓದು.

ಅವ್ವಾ, ಬಳೆ ಮಾರುವ ಅನ್ನವ್ವ ಮೊನ್ನೆ ನವಲಗುಂದದ ಸಂತೆಯಲ್ಲಿ ಸಿಕ್ಕಿದ್ದಳು. ಮಲ್ಲಕ್ಕ ಆಕೆಯ ಕೈಯಲ್ಲಿ ನನಗೊಂದು ಮಾತು ಹೇಳಿ ಕಳಿಸಿದ್ದಾಳೆ. ಹೋದ ಸಲ ನೀನು ಬೋಳಿ ಕುರಿಯ ಹತ್ತಿರ ಓಡಿದಾಗ ನಾನೂ ನಿನ್ನ ಹಿಂದೆ ಬಾಗಿಲಿಗೆ ಬಂದೆನಲ್ಲ, ಆಗ ಕೂಸಿನ ಅಳು ತಡೆಯಲಾರದೆ ಅದನ್ನು ಎತ್ತಿಕೊಂಡು ಒಂದೇ ಒಂದು ಸಲ ಕದ್ದು ಹಾಲು ಕುಡಿಸಿದಳಂತೆ. ಜೀವ ತೆಗೆಯುತ್ತದೆ ಎಂದು ನೀನು ಹೇಳಿದ ಹಾಲು. "ಅಕ್ಕಾ, ಕೂಸನ್ನ ನಾನಽ ಕೊಂದ್ನೇನ? ಖರೇ ಹೇಳು" ಎಂದು ಕೇಳಿದ್ದಾಳೆ. ಒಂದೂವರೆ ವರ್ಷದಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಈಗ ನಿನ್ನೆದುರೇ ಓಡಾಡುತ್ತಿದ್ದಾಳೆ. ನಾನು ಇಲ್ಲ ಎಂದರೆ ನಂಬುವುದಿಲ್ಲ, ಡಾಕ್ಟರು ಹೇಳಿದರೂ ನಂಬುವುದಿಲ್ಲ. ಆ ಕೂಸಿನ ಹೊಟ್ಟೆಗೆ ಬಿದ್ದ ಒಳ್ಳೆಯದು ಅದೊಂದೇ ಆಗಿತ್ತು ಎಂದು ನೀನೇ ಹೇಳಬೇಕು. ಈಗಲೇ ಎದ್ದು ಹೋಗಿ ಹೇಳು ಅವ್ವಾ.