ಮೊಹರು ಒತ್ತಿದ ಕಾಗದ

ಮಾನ್ಯ ಪರವಾನಗಿದಾರರೇ, ಅಂದರೆ ಅಪ್ಪಾ,

ತಾವು ತೀರಿಹೋದ ಮೇಲಿನ ಮೊದಲ ಹೆಂಪ್ ಬೆಳೆಯಲ್ಲಿ, ಅಂದರೆ ಗಾಂಜಾ ಜಾತಿಯ ನಮ್ಮ ಬೆಳೆಯಲ್ಲಿ, ಮತ್ತಿನ ಅಂಶ ಮಿತಿಯೊಳಗಿದೆ, ಕೊಯ್ಯಬಹುದು ಎಂದು ಇಂದು ಹೋಬಾರ್ಟಿನಿಂದ ಸರ್ಕಾರಿ ಕಾಗದ ಬಂದಿದೆ. ಕಟಾವು ಯಂತ್ರ ಕಾಯುತ್ತಿತ್ತು, ಆಲಿಕಲ್ಲಿನ ಮೋಡ ಗುಡ್ಡ ದಾಟಿತ್ತು. ಅಮ್ಮ ಮಾತ್ರ ಹೊಲದ ಗೇಟಿನ ಬೀಗ ತೆಗೆಯಲಿಲ್ಲ.

"ಮೊಹರು ಸರಿಯಾಗಿದೆಯಲ್ಲಮ್ಮಾ!"

"ಹೋದ ವರ್ಷದ್ದೂ ಸರಿಯಾಗೇ ಇತ್ತು ಕಣೋ."

'ಮಿತಿ ಮೀರಿದೆ, ಬೆಳೆ ನಾಶಪಡಿಸಿ' ಎಂದು ನಾನು ತಮಾಷೆಗೆ ಟೈಪು ಮಾಡಿದ ಕಾಗದ ನಂಬಿ, ನಾನು ಪೇಟೆಯಿಂದ ಮರಳುವುದರೊಳಗೆ ನೀನು ಹೊಲವನ್ನೆಲ್ಲ ಉತ್ತುಬಿಟ್ಟಿದ್ದೆ. ವಿಷಯ ತಿಳಿದಾಗ ನೀನು ಬೈಯಲಿಲ್ಲ. "ಮೊಹರು ಚೆನ್ನಾಗಿ ಮಾಡಿದೀಯ ಕಣೋ" ಎಂದೆ, ಅಷ್ಟೇ.

ಅಮ್ಮ ಇಲಾಖೆಗೆ ಫೋನು ಮಾಡಿ, ಮೂರು ಸಲ ಕೇಳಿ, ಬೀಗ ತೆಗೆದಳು. ಆಲಿಕಲ್ಲು ಬೀಳುವ ಮೊದಲೇ ಕೊಯ್ಲು ಮುಗಿಯಿತು.

ಇತಿ ತಮ್ಮ ವಿಧೇಯ,
ಕ್ಯಾಮ್

ಲಗತ್ತು: ನಿಜವಾದ ಕಾಗದ, ಒಂದು.